ಪಹಣಿಯಲ್ಲಿ ಇಲ್ಲದ ಕಾಲಂ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸುತ್ತ ಓಡಾಡಿದರೆ ರಸ್ತೆಯ ಎರಡೂ ಬದಿ ಭತ್ತದ ಗದ್ದೆ, ಅಡಿಕೆ ತೋಟ. ನಡುನಡುವೆ ಬೆಳೆ ಕಾಣದೆ ಬಿದ್ದಿರುವ ಜಾಗಗಳು. ಕೆಲವಕ್ಕೆ ಕಲ್ಲುಕಂಬದ ಬೇಲಿ, ಒಳಗೆ ಜಲ್ಲಿ ಹಾಸಿದ ರಸ್ತೆ, ಮುಂದೆ ಸೈಟು ಮಾರಾಟದ ಬೋರ್ಡು. ಭದ್ರಾ ನಾಲೆಯ ಅಚ್ಚುಕಟ್ಟಿನ ಯಾವ ದೊಡ್ಡ ಊರಿಗೆ ಹೋದರೂ ಈಗ ಇದೇ ನೋಟ. ಕೊಳ್ಳಲು ಬಂದವರು ಮೊದಲು ಕೇಳುವುದು ಪಹಣಿ. 9ನೇ ಕಾಲಂನಲ್ಲಿ ಜಮೀನು ಯಾರ ಹೆಸರಿನಲ್ಲಿದೆ, 11ರಲ್ಲಿ ಸಾಲ ಋಣ ಏನಿದೆ, 12ರಲ್ಲಿ ಏನು ಬೆಳೆದಿದ್ದರು ಎಂಬುದೆಲ್ಲ ಸಿಗುತ್ತದೆ. ಆಮೇಲೆ ಇಸಿ, ನಕ್ಷೆ, ಅಲಿನೇಷನ್ ಆದೇಶ. ವಕೀಲರು ಇಷ್ಟನ್ನೂ ನೋಡಿ ‘ಕ್ಲಿಯರ್ ಇದೆ’ ಎಂದರೆ ಮುಂಗಡ ಕೊಡುತ್ತಾರೆ.

ಆ ನೆಲದ ಮೇಲೆ ಇಷ್ಟು ವರ್ಷ ಏನೇನು ಸುರಿದಿದ್ದಾರೆ, ಹೂತಿದ್ದಾರೆ, ಸುಟ್ಟಿದ್ದಾರೆ ಎಂಬ ಕಾಲಂ ಮಾತ್ರ ಪಹಣಿಯಲ್ಲಿ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ವಸತಿಗೆ ಪರಿವರ್ತಿಸುವಾಗ ಆ ಮಣ್ಣಿನಲ್ಲಿ ಯಾವ ರಾಸಾಯನಿಕ ಇದೆ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆ ಖಾಲಿ ಕಾಲಂ ಅನ್ನು ವಿಜ್ಞಾನ ಹೇಗೆ ತುಂಬುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಮಣ್ಣು ಪರೀಕ್ಷೆ ಎಂದ ಕೂಡಲೇ ನಮಗೆ ನೆನಪಾಗುವುದು ಲ್ಯಾಬು. ಒಂದು ಚೀಲ ಮಣ್ಣು, ಒಂದು ಬಾಟಲಿ ಬೋರ್‌ವೆಲ್ ನೀರು ಕೊಟ್ಟು ಬಂದರೆ ವಾರದಲ್ಲಿ ವರದಿ ಬರುತ್ತದೆ ಎಂದುಕೊಳ್ಳುತ್ತೇವೆ. ಆದರೆ ಲ್ಯಾಬಿನ ಯಂತ್ರ ತಾನು ಹುಡುಕಿದ್ದನ್ನು ಮಾತ್ರ ಹೇಳುತ್ತದೆ. ಸೀಸಕ್ಕೆ ಪರೀಕ್ಷೆ ಮಾಡಿಸಿದರೆ ಸೀಸದ ಲೆಕ್ಕ ಬರುತ್ತದೆ. ಅದೇ ಬಾಟಲಿಯಲ್ಲಿ ಬೆಂಜೀನ್ ಇದ್ದರೂ ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ಈ ಕೆಲಸ ಬಲ್ಲವರು ಗುದ್ದಲಿ ಹಿಡಿಯುವ ಮೊದಲು ಜಾಗದ ಚರಿತ್ರೆ ಹಿಡಿಯುತ್ತಾರೆ. ಹಳೆಯ ಪಹಣಿಗಳು, ಸರ್ವೆ ನಕ್ಷೆ, ಬೇರೆ ಬೇರೆ ವರ್ಷದ ಉಪಗ್ರಹ ಚಿತ್ರ, ವಿದ್ಯುತ್ ಸಂಪರ್ಕದ ದಾಖಲೆ ಎಲ್ಲವನ್ನೂ ತಿರುವುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದ ಹಿರಿಯರನ್ನು ಮಾತಾಡಿಸುತ್ತಾರೆ. ಇಲ್ಲಿ ಹಿಂದೆ ಅಕ್ಕಿ ಗಿರಣಿ ಇತ್ತಾ? ಪೆಟ್ರೋಲ್ ಬಂಕ್ ಇತ್ತಾ? ಗೊಬ್ಬರ, ಔಷಧಿಯ ಗೋದಾಮು? ಅಡಿಕೆ ಬೇಯಿಸಿದ ಚೊಗರು ನೀರು ಎಲ್ಲಿಗೆ ಹರಿಯುತ್ತಿತ್ತು? ಸಿಪ್ಪೆ ರಾಶಿ ಹಾಕಿ ಬೆಂಕಿ ಕೊಡುತ್ತಿದ್ದದ್ದು ಯಾವ ಮೂಲೆಯಲ್ಲಿ?

ಅಡಿಕೆ ತೋಟವಾಗಿದ್ದ ಜಾಗವನ್ನೇ ನೋಡಿ. ಕೊಳೆರೋಗಕ್ಕೆ ನಮ್ಮವರು ಹೊಡೆಯುವುದು ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ವಿವರಿಸಿದರು. ಗೊನೆಗೆ ಈ ದ್ರಾವಣ ಸಿಂಪಡಿಸುವ ಪದ್ಧತಿ ಅವರ ಕಾಲದಲ್ಲೇ ಮಲೆನಾಡಿನಲ್ಲಿ ಬೇರೂರಿತು. ಅಡಿಕೆ ಉಳಿದದ್ದು ಅದರಿಂದಲೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ಶುದ್ಧ ತಾಮ್ರ ಇರುತ್ತದೆ. ಗೊನೆಯಿಂದ ಮಳೆಗೆ ತೊಳೆದು ಕೆಳಗಿಳಿದ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಉದುರಿದ ಸೋಗೆ ಕೊಳೆತು ಆದ ಕಪ್ಪು ಮಣ್ಣನ್ನು ಕಚ್ಚಿಕೊಂಡು ಮೇಲಿನ ಒಂದು ಗೇಣಿನಲ್ಲೇ ಕೂತುಬಿಡುತ್ತದೆ. ಒಂದೆರಡು ವರ್ಷದ ಸಿಂಪಡಣೆ ಏನೂ ಅಲ್ಲ, ಎರಡು ತಲೆಮಾರಿನದು ಲೆಕ್ಕಕ್ಕೆ ಬರುತ್ತದೆ. ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಒಗ್ಗುವುದಿಲ್ಲ. ಆದರೆ ತಾಮ್ರ ಅಲ್ಲಿಂದ ಬಾವಿಗಿಳಿಯುವುದು ಬಲು ಕಡಿಮೆ.

ಅದೇ ತೋಟಕ್ಕೆ ಹಾಕಿದ ಯೂರಿಯಾದ ಕಥೆ ಪೂರಾ ಬೇರೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮಣ್ಣಿನ ಕಣ ಹಿಡಿದುಕೊಳ್ಳುವುದಿಲ್ಲ, ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಒಂದೇ ಜಮೀನಿನ ತಾಮ್ರ ಮಣ್ಣಿನ ಪರೀಕ್ಷೆಯಲ್ಲಿ ಸಿಗುತ್ತದೆ, ನೈಟ್ರೇಟ್ ನೀರಿನ ಪರೀಕ್ಷೆಯಲ್ಲಿ. ಎರಡರಲ್ಲಿ ಒಂದನ್ನೇ ಮಾಡಿಸಿದವರಿಗೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ.

ಇದಕ್ಕೆ ಇನ್ನೂ ಒಂದು ತೊಡಕಿದೆ. ಲೇಔಟ್ ಮಾಡುವವರು ಮೊದಲು ತರಿಸುವುದು ಜೆಸಿಬಿ. ಅದು ಮೇಲ್ಮಣ್ಣನ್ನು ಬಾಚಿ ತಗ್ಗಿಗೆ ತುಂಬಿದ ಮೇಲೆ ತಾಮ್ರ ಎಲ್ಲಿತ್ತು, ಎಣ್ಣೆ ಎಲ್ಲಿ ಚೆಲ್ಲಿತ್ತು ಎಂಬ ಪದರಗಳ ಗುರುತೇ ಅಳಿಸಿಹೋಗುತ್ತದೆ. ಸಾಲದ್ದಕ್ಕೆ ಬೇರೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸುತ್ತಾರೆ. ಆ ಮಣ್ಣಿಗೂ ಒಂದು ಚರಿತ್ರೆ ಇರುತ್ತದೆ, ಅದನ್ನು ಹೇಳುವವರು ಊರಲ್ಲಿ ಇರುವುದಿಲ್ಲ. ಪರೀಕ್ಷೆ ಆಗುವುದಿದ್ದರೆ ಜೆಸಿಬಿ ಬರುವ ಮೊದಲೇ ಆಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಊರವರ ನೆನಪು ಎಷ್ಟು ದೂರ ಒಯ್ಯಬಲ್ಲದು ಎಂಬುದನ್ನು ಕಾಸರಗೋಡು ಗಡಿಯ ಮಿಂಚಿನಪದವಿನಲ್ಲಿ ನೋಡಬಹುದು. ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್‌ನ ಗೇರು ತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಕನ್ನಡಿಗರಿಗೆ ಹೊಸದಲ್ಲ. ಸಿಂಪಡಣೆ ನಿಂತಾಗ ಉಳಿದಿದ್ದ ವಿಷವನ್ನು ಮಿಂಚಿನಪದವಿನ ಗುಡ್ಡದ ಮೇಲಿನ ಪಾಳುಬಾವಿಗೆ ಹಾಕಿ ಮುಚ್ಚಿದ್ದಾರೆ ಎಂದು ಸ್ಥಳೀಯರು ವರ್ಷಗಟ್ಟಲೆ ದೂರುತ್ತಲೇ ಬಂದರು. ಕೊನೆಗೆ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಬಂದು ಮಾದರಿಗಳನ್ನು ತೆಗೆದುಕೊಂಡು ಹೋಯಿತು. ಇಂಥ ಜಾಗದಲ್ಲಿ ಏನನ್ನು ತೆಗೆಯಬೇಕು ಎಂಬುದೇ ಮುಖ್ಯ ಪ್ರಶ್ನೆ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಮಣ್ಣಿಗೂ ಕೆಸರಿಗೂ ಅಂಟುವುದೇ ಹೆಚ್ಚು. ಕಾಲ ಕಳೆದಂತೆ ಅದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಅದೂ ವಿಷವೇ, ಮೂಲದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಸುತ್ತಲಿನ ಬಾವಿಗಳ ತಿಳಿನೀರನ್ನು ಮಾತ್ರ ಪರೀಕ್ಷಿಸಿ ‘ಇಲ್ಲ’ ಎಂದು ಬಂದರೆ ಅದು ಪೂರ್ಣ ಉತ್ತರವಲ್ಲ. ಬಾವಿಯ ತಳದ ಮಣ್ಣಿನಲ್ಲಿ ಎರಡೂ ರೂಪಗಳನ್ನು ಹುಡುಕಬೇಕು.

ಅಮೆರಿಕದ ನಯಾಗರಾ ಫಾಲ್ಸ್ ಪಟ್ಟಣದ ಲವ್ ಕೆನಾಲ್ ಈ ವಿಜ್ಞಾನಕ್ಕೆ ಜಗತ್ತಿನ ಗಮನ ಸೆಳೆದ ಜಾಗ. 1942ರಿಂದ 1953ರವರೆಗೆ ಹೂಕರ್ ಕಂಪನಿ ಅಲ್ಲಿನ ಹಳೆಯ ಕಾಲುವೆಯಲ್ಲಿ ಸುಮಾರು 21,000 ಟನ್ ರಾಸಾಯನಿಕ ಕಸ ಹೂತು, ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಬರೆದುಕೊಟ್ಟಿತು. ಅದರ ಮೇಲೆ ಶಾಲೆ, ಸುತ್ತ ಮನೆಗಳು ಎದ್ದವು. 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಹೂತ ವಿಷಯ ಕ್ರಯಪತ್ರದಲ್ಲೇ ಬರೆದಿತ್ತು, ಮನೆ ಕೊಂಡವರ ಕೈಗೆ ಮಾತ್ರ ಆ ಕಾಗದ ಬರಲಿಲ್ಲ.

ಚರಿತ್ರೆಯಿಂದ ಮುಂದೆ ನೀರಿಗೆ ಬರೋಣ. ಇಲ್ಲಿ ನಮ್ಮ ನೆಲಕ್ಕೆ ಅದರದ್ದೇ ಸ್ವಭಾವವಿದೆ. ದಾವಣಗೆರೆ ಜಿಲ್ಲೆಯ ಅಡಿಯಲ್ಲಿರುವುದು ನೈಸ್, ಗ್ರಾನೈಟ್, ಶಿಸ್ಟ್ ಎಂಬ ಗಟ್ಟಿ ಶಿಲೆಗಳು. ಗಂಗಾ ಬಯಲಿನಂತೆ ನೂರಾರು ಅಡಿ ಮರಳಿನ ಹಾಸು ಇಲ್ಲಿಲ್ಲ. ಮೇಲೆ ಕೆಲವು ಮೀಟರ್ ಮಣ್ಣು, ಅದರ ಕೆಳಗೆ ಗಾಳಿ ನೀರಿಗೆ ಸಡಿಲಗೊಂಡ ಮೆದುಕಲ್ಲು, ಅದಕ್ಕೂ ಕೆಳಗೆ ಬಂಡೆ. ಬಂಡೆಯೊಳಗೆ ನೀರು ಓಡುವುದು ಬಿರುಕುಗಳಲ್ಲಿ ಮಾತ್ರ. ಬೋರ್ ಕೊರೆಸುವ ಲಾರಿಯವರು ‘ಗ್ಯಾಪ್ ಸಿಕ್ತು’ ಎನ್ನುವುದು ಅದಕ್ಕೇ. ಮೆದುಕಲ್ಲಿನಲ್ಲಿ ಕಲುಷಿತ ನೀರು ನಿಧಾನ ಜಿನುಗುತ್ತಾ ಅಗಲಕ್ಕೆ ಹರಡುತ್ತದೆ. ಅದೇ ನೀರು ಒಂದು ಗ್ಯಾಪಿಗೆ ಬಿದ್ದರೆ ಪಕ್ಕದ ಮನೆಯ ಬೋರನ್ನು ಮುಟ್ಟದೆ ದೂರದ ಹೊಲದ ಬೋರಿನಲ್ಲಿ ಏಳಬಹುದು. ಆದ್ದರಿಂದ ಪಕ್ಕದ ಬೋರ್ ಚೆನ್ನಾಗಿದೆ ಎಂಬ ಧೈರ್ಯ ನಮ್ಮ ಕಡೆ ಬಹಳ ದುರ್ಬಲ ಧೈರ್ಯ.

ನೆಲದಡಿಯ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಮೂರರ ಬಾಯಿಯ ಎತ್ತರವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಅಳೆದು, ಒಂದೇ ದಿನ ಮೂರರಲ್ಲೂ ನೀರು ಎಷ್ಟು ಆಳದಲ್ಲಿದೆ ಎಂದು ಟೇಪು ಬಿಟ್ಟು ನೋಡುತ್ತಾರೆ. ಮೂರು ಕಾಲಿನ ಮೇಲೆ ಇಟ್ಟ ಮಣೆ ಯಾವ ಕಡೆ ಓರೆಯಾಗಿದೆ ಎಂದು ತಿಳಿದಂತೆ ನೀರಿನ ಮಟ್ಟದ ಇಳಿಜಾರು ತಿಳಿಯುತ್ತದೆ. ಇಳಿಜಾರಿನ ಮೇಲ್ಭಾಗದ ಬಾವಿಯ ನೀರು ಈ ಜಾಗಕ್ಕೆ ಬರುವ ಮೊದಲಿನದು, ಕೆಳಭಾಗದ್ದು ಈ ಜಾಗವನ್ನು ದಾಟಿ ಹೋದದ್ದು. ಎರಡರ ವ್ಯತ್ಯಾಸವೇ ಈ ನೆಲ ಕೂಡಿಸಿದ್ದು.

ನಾಲೆ ಸೀಮೆಯಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಮಳೆಗಾಲದ ಬೆಳೆಗೆ ಒಮ್ಮೆ, ಬೇಸಿಗೆ ಬೆಳೆಗೆ ಒಮ್ಮೆ ನೀರು ಬಿಡುತ್ತಾರೆ. ನಾಲೆ ತುಂಬಿ ಹರಿದು ಗದ್ದೆಗಳಲ್ಲಿ ನೀರು ನಿಂತಾಗ ನೆಲದಡಿಯ ಮಟ್ಟ ಮೇಲೇರುತ್ತದೆ. ನಾಲೆಯ ಹತ್ತಿರ ಏರಿಕೆ ಹೆಚ್ಚು, ದೂರದಲ್ಲಿ ಕಡಿಮೆ. ನಾಲೆ ನಿಂತು ತೋಟದ ಬೋರ್‌ಗಳೆಲ್ಲ ಓಡತೊಡಗಿದಾಗ ಇಳಿಜಾರು ಬೇರೆ ಕಡೆಗೆ ತಿರುಗಬಹುದು. ಮಾರ್ಚ್‌ನಲ್ಲಿ ಪೂರ್ವಕ್ಕೆ ಹರಿದ ನೀರು ಜೂನ್‌ನಲ್ಲಿ ಉತ್ತರಕ್ಕೆ ಹರಿದರೆ ಆಶ್ಚರ್ಯವಿಲ್ಲ. ಮಟ್ಟ ಮೇಲೆದ್ದಾಗ ಅದುವರೆಗೆ ಒಣ ಮಣ್ಣಿನಲ್ಲಿದ್ದ ವಸ್ತುವೂ ತೊಯ್ದು ನೀರಿಗಿಳಿಯುತ್ತದೆ. ಹಳೆಯ ಪೆಟ್ರೋಲ್ ಬಂಕಿನ ತುಕ್ಕು ಹಿಡಿದ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ನೀರಿಗಿಂತ ಹಗುರ. ಅದು ಭೂಜಲದ ಮೇಲೆ ತೇಲುತ್ತಾ ಮಟ್ಟದ ಜೊತೆ ಏರಿಳಿದು, ಏರಿಳಿದಷ್ಟು ದಪ್ಪದ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಅದರಲ್ಲಿನ ಬೆಂಜೀನ್ ಸ್ವಲ್ಪಸ್ವಲ್ಪವಾಗಿ ಕರಗುತ್ತಲೇ ಇರುತ್ತದೆ. ತ್ಯಾವಣಿಗೆಯಂಥ ಊರಿನಲ್ಲಿ ತನಿಖೆ ಮಾಡುವವರು ನಾಲೆ ಹರಿಯುವಾಗ ಒಂದು ಸಲ, ನಿಂತು ತಿಂಗಳಾದ ಮೇಲೆ ಒಂದು ಸಲ ಮಾದರಿ ತೆಗೆಯದಿದ್ದರೆ ಆ ವರದಿಯನ್ನು ನಾನು ನಂಬಲಾರೆ.

ಮಾದರಿ ತೆಗೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಈ ವಿದ್ಯೆಯ ಮೇಲೆ ಗೌರವ ಹುಟ್ಟುತ್ತದೆ. ತೋಟದ ಬೋರ್‌ವೆಲ್ ಇದಕ್ಕೆ ಆಗಿಬರುವುದಿಲ್ಲ. ಅದು 500 ಅಡಿಯಲ್ಲಿ ಸಿಕ್ಕ ಎಲ್ಲ ಗ್ಯಾಪಿನ ನೀರನ್ನೂ ಬೆರೆಸಿ ಎತ್ತುತ್ತದೆ, ಒಂದು ಗ್ಯಾಪಿನ ವಿಷ ಉಳಿದವುಗಳ ನೀರಿನಲ್ಲಿ ತೆಳುವಾಗಿ ಕಾಣದೆ ಹೋಗುತ್ತದೆ. ತನಿಖೆಯ ಬಾವಿ ಸಣ್ಣದು. ಬೇಕಾದ ಆಳದಲ್ಲಿ ಮಾತ್ರ ಸೀಳುಗಳಿರುವ ಪೈಪು ಇಳಿಸಿ ಸುತ್ತ ಮರಳು ತುಂಬುತ್ತಾರೆ, ಅದರ ಮೇಲೆ ಬೆಂಟೊನೈಟ್ ಜೇಡಿ ಹಾಕಿ ಬಿಗಿ ಮಾಡುತ್ತಾರೆ. ಪೈಪಿನಲ್ಲಿ ನಿಂತ ಹಳೆ ನೀರನ್ನು ಹೊರಹಾಕುತ್ತಾ ಪಿಎಚ್, ಉಷ್ಣತೆ, ವಿದ್ಯುತ್ ವಾಹಕತೆ ನೋಡುತ್ತಿರುತ್ತಾರೆ. ಮೂರೂ ಏರಿಳಿಯದೆ ನಿಂತ ಮೇಲೆ ಬರುವುದು ನೆಲದ ನಿಜವಾದ ನೀರು.

ಆಮೇಲೆ ಬಾಟಲಿಗಳು. ಲೋಹಗಳಿಗಾಗಿ ತೆಗೆದ ನೀರನ್ನು ಸೋಸಿ ಎರಡು ಹನಿ ನೈಟ್ರಿಕ್ ಆಮ್ಲ ಹಾಕುತ್ತಾರೆ, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಪೆಟ್ರೋಲಿನ ಅಂಶಕ್ಕಾದರೆ ಗಾಜಿನ ಸಣ್ಣ ಸೀಸೆಯನ್ನು ಬಾಯಿತುಂಬ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ನೋಡುತ್ತಾರೆ. ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಬೇಕು, ಬೆಂಜೀನ್ ಆ ಗುಳ್ಳೆಯೊಳಗೆ ಹಾರಿ ಸೇರಿರುತ್ತದೆ. ಸಯನೈಡಿನ ಬಾಟಲಿಗೆ ಆಮ್ಲದ ಬದಲು ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12 ದಾಟಿಸುತ್ತಾರೆ. ಅದಕ್ಕೆ ಅಪ್ಪಿತಪ್ಪಿ ಆಮ್ಲ ಬಿದ್ದರೆ ಸಯನೈಡ್ ಅನಿಲವಾಗಿ ಹಾರಿಹೋಗುತ್ತದೆ. ಲ್ಯಾಬಿನಲ್ಲಿ ಸೊನ್ನೆ ಬರುತ್ತದೆ, ಹಿಡಿದವರ ಜೀವಕ್ಕೂ ಅಪಾಯ. ಒಂದೇ ಬಾವಿಯ ನೀರಿಗೆ ಮೂರು ಬಾಟಲಿ, ಮೂರು ಉಪಚಾರ. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಎಷ್ಟು ಹೊತ್ತಿಗೆ ಹೋಯಿತು ಎಂಬ ಚೀಟಿಯೂ ಜೊತೆಗಿರುತ್ತದೆ. ನ್ಯಾಯಾಲಯದಲ್ಲಿ ವರದಿ ನಿಲ್ಲುವುದು ಆ ಚೀಟಿಯ ಬಲದಿಂದ.

ಸಯನೈಡ್ ಎಂದೊಡನೆ ಕನ್ನಡನಾಡಿನಲ್ಲಿ ಎಲ್ಲರ ಮನಸ್ಸಿಗೆ ಬರುವುದು ಕೋಲಾರದ ಚಿನ್ನದ ಗಣಿ. ಬಳಸಿ ಬಿಟ್ಟ ನೆಲವನ್ನು ಅರ್ಥ ಮಾಡಿಕೊಳ್ಳಲು ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಿತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕಿಳಿಯಿತು, ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದದ್ದು 13 ದಿಬ್ಬಗಳು, ಮೂರು ಕೋಟಿ ಟನ್ನಿಗೂ ಮೀರಿದ ನುಣ್ಣನೆಯ ಬೂದು ಮರಳು. ಸುತ್ತಲಿನ ಜನ ಅದನ್ನು ಸಯನೈಡ್ ದಿಬ್ಬ ಎಂದೇ ಕರೆಯುತ್ತಾರೆ.

ಆ ಹೆಸರು ಬಂದದ್ದು 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಕಂಡುಹಿಡಿದ ವಿಧಾನದಿಂದ. ಅದಿರನ್ನು ಹಿಟ್ಟಿನಂತೆ ಅರೆದು ಸಯನೈಡ್ ದ್ರಾವಣದಲ್ಲಿ ಕಲಸಿದರೆ ಚಿನ್ನ ಕರಗಿ ದ್ರಾವಣಕ್ಕೆ ಬರುತ್ತದೆ, ಸತುವಿನಿಂದ ಅದನ್ನು ಬೇರ್ಪಡಿಸುತ್ತಾರೆ. ಉಳಿದ ಹಿಟ್ಟು ದಿಬ್ಬಕ್ಕೆ. ದಶಕಗಳು ಕಳೆದ ಮೇಲೆ ಆ ದಿಬ್ಬದಲ್ಲಿ ಹುಡುಕಬೇಕಾದ್ದು ಏನು? ಜನರ ಹೆದರಿಕೆ ಸಯನೈಡಿನದು, ಅದನ್ನು ಅಳೆಯಲೇಬೇಕು. ಆದರೆ ಸಯನೈಡ್ ದೀರ್ಘಾಯುಷಿ ಅಲ್ಲ. ಬಿಸಿಲು ಅದನ್ನು ಒಡೆಯುತ್ತದೆ, ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ದಿಬ್ಬದ ಕ್ಷಾರಗುಣ ಇಳಿದಂತೆ ಅದು ಅನಿಲವಾಗಿ ಹಾರುತ್ತದೆ. ಕಬ್ಬಿಣದ ಜೊತೆ ಕಟ್ಟುಬಿದ್ದ ಭಾಗ ಒಳಪದರಗಳಲ್ಲಿ ಹೆಚ್ಚು ಕಾಲ ಉಳಿಯಬಲ್ಲದು, ಅದರ ವಿಷ ಬಹಳ ಕಡಿಮೆ. ಹೀಗಾಗಿ ಒಟ್ಟು ಸಯನೈಡ್ ಎಷ್ಟು ಎಂಬ ಒಂದು ಅಂಕಿ ಸಾಲದು, ಬಿಡಿಯಾಗಿ ಓಡಾಡುವ ಸಯನೈಡ್ ಎಷ್ಟು ಎಂದು ಬೇರೆಯಾಗಿ ಅಳೆಯಬೇಕು.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಜನ ಹೆಸರಿಡದ ಇನ್ನೊಂದು ವಸ್ತು. ಕೋಲಾರದ ಪಶ್ಚಿಮ ಭಾಗದ ಅದಿರಿನಲ್ಲಿ ಪೈರೊಟೈಟ್, ಆರ್ಸೆನೊಪೈರೈಟ್‌ನಂಥ ಗಂಧಕಯುಕ್ತ ಖನಿಜಗಳಿದ್ದವು. ಸಾವಿರಾರು ಅಡಿ ಆಳದ ಕತ್ತಲಲ್ಲಿ ಅವು ಕೋಟ್ಯಂತರ ವರ್ಷ ಏನೂ ಆಗದೆ ಇದ್ದವು. ಮೇಲೆ ತಂದು ಹಿಟ್ಟು ಮಾಡಿ ಗಾಳಿ ಮಳೆಗೆ ಒಡ್ಡಿದಾಗ ಗಂಧಕ ಗಂಧಕಾಮ್ಲವಾಗುತ್ತದೆ. ಆಮ್ಲ ಲೋಹಗಳನ್ನು ಕರಗಿಸುತ್ತದೆ, ಖನಿಜದೊಳಗೆ ಬಂಧಿಯಾಗಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಸಯನೈಡಿನಂತೆ ಆರ್ಸೆನಿಕ್ ಒಡೆದು ಇಲ್ಲವಾಗುವುದಿಲ್ಲ, ಅದು ಮೂಲಧಾತು. ಕುಡಿಯುವ ನೀರಿನಲ್ಲಿ ಸಯನೈಡಿಗೆ ಭಾರತದ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಆರ್ಸೆನಿಕ್‌ಗೆ 0.01. ಇಂಥ ದಿಬ್ಬದ ಕೆಳಗಿನ ಬಾವಿಯಲ್ಲಿ ಪಿಎಚ್, ಸಲ್ಫೇಟ್, ಆರ್ಸೆನಿಕ್ ಮೂರನ್ನೂ ಒಟ್ಟಿಗೆ ನೋಡಬೇಕು. ಆಮ್ಲ ಹುಟ್ಟುತ್ತಿದೆಯೋ ಇಲ್ಲವೋ ಎಂಬುದನ್ನು ಸಲ್ಫೇಟ್ ಎಲ್ಲಕ್ಕಿಂತ ಮೊದಲು ಹೇಳುತ್ತದೆ. ಗಾಳಿಯೂ ಇಲ್ಲಿ ಒಂದು ದಾರಿ. ಬೇಸಿಗೆಯ ಬಿರುಗಾಳಿಗೆ ದಿಬ್ಬದ ದೂಳು ಎದ್ದು ಮನೆಗಳಿಗೆ ಬೀಳುವುದರಿಂದ ಬಾವಿಯ ನೀರಿನಷ್ಟೇ ಮನೆಯಂಗಳದ ಮಣ್ಣನ್ನೂ ಅಟ್ಟದ ದೂಳನ್ನೂ ಪರೀಕ್ಷಿಸಬೇಕು.

ಆ ಮರಳಿನಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆಯಾದರೂ ಚಿನ್ನ ಇನ್ನೂ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು 1,003 ಎಕರೆಯಲ್ಲಿರುವ ಈ 13 ದಿಬ್ಬಗಳನ್ನು ಮತ್ತೆ ಗಣಿಗಾರಿಕೆಗೆ ಒಳಪಡಿಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಗೆದರೆ ಒಳಪದರಗಳು ಹೊಸದಾಗಿ ಗಾಳಿಗೆ ತೆರೆದುಕೊಳ್ಳುತ್ತವೆ. ಅಗೆಯುವ ಮೊದಲಿನ ನೀರು ಮಣ್ಣಿನ ಅಂಕಿಗಳು ಕೈಯಲ್ಲಿಲ್ಲದಿದ್ದರೆ ನಾಳೆ ಬಾವಿ ಕೆಟ್ಟಾಗ ಅದು ಹಳೆಯ ಕೆಡುಕೋ ಹೊಸದೋ ಎಂದು ಯಾರೂ ಹೇಳಲಾರರು.

ಮೊದಲಿನ ಅಂಕಿ ಎಂದರೆ ಏನು ಎಂಬುದನ್ನು ನಮ್ಮ ಜಗಳೂರು ಕಲಿಸುತ್ತದೆ. ಅಲ್ಲಿನ ಎಷ್ಟೋ ಹಳ್ಳಿಗಳ ಬೋರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತದ ಮಾನದಂಡ. ಅಲ್ಲಿ ಯಾವ ಕಾರ್ಖಾನೆಯೂ ಫ್ಲೋರೈಡ್ ಸುರಿದಿಲ್ಲ. ಗ್ರಾನೈಟ್, ನೈಸ್ ಶಿಲೆಗಳ ಖನಿಜದಿಂದ ಅದು ನಿಧಾನವಾಗಿ ನೀರಿಗೆ ಬಂದದ್ದು. ಬೋರ್ ಆಳಕ್ಕೆ ಹೋದಷ್ಟೂ, ನೀರು ಬಂಡೆಯ ಜೊತೆ ಕಳೆದ ಕಾಲ ಹೆಚ್ಚಿದಷ್ಟೂ ಅದರ ಪ್ರಮಾಣ ಏರುವುದು ಸಾಮಾನ್ಯ. ತುಂಗಭದ್ರೆಯ ನೀರಿನಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ಅಲ್ಲಿನ ಜನ ಅಷ್ಟು ಹಂಬಲಿಸಿದ್ದರ ಹಿಂದೆ ಬರದ ಜೊತೆಗೆ ಈ ಕೆಟ್ಟ ನೀರೂ ಇತ್ತು. ಜಗಳೂರಿನ ಖಾಲಿ ಸೈಟಿನಲ್ಲಿ ಫ್ಲೋರೈಡ್ ಸಿಕ್ಕರೆ ನೆರೆಯ ಗಿರಣಿಯನ್ನು ದೂರುವಂತಿಲ್ಲ. ಅದೇ ಬೆಂಗಳೂರಿನ ಪೀಣ್ಯದ ಬೋರಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಸಿಕ್ಕರೆ ಬಂಡೆಯನ್ನು ದೂರುವಂತಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಭೂಜಲದಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಅದನ್ನು ಗುರುತಿಸಿದೆ. ಅಲ್ಲಿನ ಎಲೆಕ್ಟ್ರೊಪ್ಲೇಟಿಂಗ್ ಘಟಕಗಳು ಬಳಸುವುದು ಆ ರೂಪದ್ದನ್ನೇ.

ನಮ್ಮ ಕಾನೂನು ಇತ್ತೀಚೆಗೆ ಒಂದು ಹೆಜ್ಜೆ ಮುಂದೆ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು, ಕೆಡಿಸಿದವರೇ ಸರಿಪಡಿಸುವ ಖರ್ಚು ಹೊರಬೇಕು. ಆಗ ದೇಶದಲ್ಲಿ ಗುರುತಾಗಿದ್ದ ಕಲುಷಿತ ಜಾಗಗಳು 103. ಅವುಗಳಲ್ಲಿ ಸರಿಪಡಿಸುವ ಕೆಲಸ ಆರಂಭವಾಗಿದ್ದದ್ದು ಏಳರಲ್ಲಿ ಮಾತ್ರ. ಚನ್ನಗಿರಿಯ ನೆರೆಯ ಭದ್ರಾವತಿ 2009ರಲ್ಲೇ ಕೇಂದ್ರ ಮಂಡಳಿಯ ತೀವ್ರ ಕಲುಷಿತ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ನೂರಕ್ಕೆ 72.33 ಅಂಕ ಪಡೆದಿತ್ತು. ಗಾಳಿ, ನೀರು, ನೆಲ ಮೂರನ್ನೂ ಸೇರಿಸಿ ಲೆಕ್ಕ ಹಾಕಿದ ಅಂಕಿ ಅದು. ಅಲ್ಲಿನ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆ ಆವರಣವನ್ನು ಮುಂದೆ ಯಾವುದಕ್ಕೇ ಬಳಸಿದರೂ ಮೊದಲು ಆಗಬೇಕಾದ್ದು ಮೇಲೆ ಹೇಳಿದ ಕೆಲಸವೆಲ್ಲ.

ಸಣ್ಣ ಊರಿನ ಸಣ್ಣ ಸೈಟಿಗೆ ಅಷ್ಟೆಲ್ಲ ಬೇಕಿಲ್ಲ. ಲೇಔಟಿಗೆ ಅರ್ಜಿ ಬಂದಾಗ ಗ್ರಾಮ ಪಂಚಾಯಿತಿ ಒಂದು ಹಾಳೆ ಹೆಚ್ಚಿಗೆ ಕೇಳಿದರೆ ಆಯಿತು: ಕಳೆದ 30 ವರ್ಷ ಈ ಜಾಗದಲ್ಲಿ ಏನಿತ್ತು, ಯಾವುದನ್ನು ಎಲ್ಲಿ ಸಂಗ್ರಹಿಸಿದ್ದರು, ತುಂಬಿಸುವ ಮಣ್ಣು ಎಲ್ಲಿಂದ ಬರುತ್ತದೆ. ಮೂವರು ನೆರೆಯವರ ಸಹಿ ಅದಕ್ಕಿರಲಿ. ಗದ್ದೆ ಬಿಟ್ಟು ಬೇರೇನೂ ಇರಲಿಲ್ಲ ಎಂದಾದರೆ ನೈಟ್ರೇಟ್ ಮತ್ತು ಫ್ಲೋರೈಡಿಗೆ ಕುಡಿಯುವ ನೀರಿನ ಪರೀಕ್ಷೆ ಸಾಕು. ಅಡಿಕೆ ತೋಟವಾಗಿದ್ದರೆ ಪಾರ್ಕಿಗೂ ಆಟದ ಜಾಗಕ್ಕೂ ಬಿಟ್ಟ ಕಡೆ ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ ತಾಮ್ರ ನೋಡಬೇಕು, ಹೆಚ್ಚಿದ್ದರೆ ಒಳ್ಳೆಯ ಮಣ್ಣು ಹೊದಿಸಿದರೆ ನಡೆಯುತ್ತದೆ. ಬಂಕ್, ಗ್ಯಾರೇಜು, ಔಷಧಿ ಗೋದಾಮು ಇದ್ದದ್ದಾದರೆ ಮೂರು ತನಿಖಾ ಬಾವಿ, ನಾಲೆಯ ಎರಡು ಕಾಲದ ಮಾದರಿ ಆಗುವವರೆಗೆ ಜೆಸಿಬಿ ಬೇಲಿಯ ಹೊರಗೇ ನಿಲ್ಲಬೇಕು.